ಕೊರಲೆ ಕೇಳಿದರೆ ಕೊರ್ರ ಬಂದೀತೆ?

ಸಂತೆಗೆ ಚೀಟಿ ಬರೆದುಕೊಟ್ಟು ಮನೆಯ ಆಳನ್ನೋ ಹುಡುಗನನ್ನೋ ಕಳುಹಿಸುವ ರೂಢಿ ನಮ್ಮಲ್ಲಿ ಬಹಳ ಹಳೆಯದು. ಚೀಟಿಯಲ್ಲಿ ಇರುತ್ತಿದ್ದುದು ನಾಲ್ಕಾರು ಮಾತು ಮಾತ್ರ: ತೊಗರಿಬೇಳೆ ಎರಡು ಸೇರು, ಬೆಲ್ಲ ಒಂದು ಅಚ್ಚು, ಹುಣಿಸೆಹಣ್ಣು ಅರ್ಧ ತೂಕ, ಪುರಿ ನಾಲ್ಕು ಸೇರು. ಎಂಥ ಬೇಳೆ, ಯಾವ ಬೆಲ್ಲ ಎಂದು ವಿವರಿಸುವ ಗೊಡವೆಯೇ ಇರಲಿಲ್ಲ. ಅಂಗಡಿಯ ಶೆಟ್ಟರಿಗೆ ಅಕ್ಷರ ಕಂಡೊಡನೆ ಮನೆ ಯಾವುದೆಂದು ತಿಳಿಯುತ್ತಿತ್ತು. ಆ ಮನೆಯವರು ಕಪ್ಪಾದ ಹುಣಿಸೆಹಣ್ಣನ್ನು ಒಲ್ಲರೆಂಬುದೂ ತಿಳಿದಿರುತ್ತಿತ್ತು. ಬರೆದದ್ದು ಅಲ್ಪವಾದರೂ ಬರೆಯದೆ ಬಿಟ್ಟದ್ದನ್ನು ಅಂಗಡಿಯವರು ತಮ್ಮ ತಿಳಿವಳಿಕೆಯಿಂದ ತುಂಬಿಕೊಳ್ಳುತ್ತಿದ್ದರು.

ಚೀಟಿ ಹಿಡಿದು ಹೊರಡುವ ಆ ಆಳಿನ ಸ್ಥಾನಕ್ಕೆ ಈಗ ಯಂತ್ರವೊಂದು ಬರುತ್ತಲಿದೆ. ಕೃತಕ ಬುದ್ಧಿಮತ್ತೆ ಎಂದು ಪತ್ರಿಕೆಗಳು ಕರೆಯುವ ತಂತ್ರದಿಂದ ಹುಟ್ಟಿದ ಈ ಆಳಿಗೆ ಏಜೆಂಟ್ ಎಂದು ಹೆಸರು. ಮನೆಯವರು ಬಾಯಿಮಾತಿನಲ್ಲಿ ಹೇಳಿದುದನ್ನು ಕೇಳಿಕೊಂಡು, ಅಂಗಡಿಗಳನ್ನು ತಾನೇ ಸುತ್ತಿ, ಬೆಲೆ ಹೋಲಿಸಿ, ಇಂಥದನ್ನು ತರಿಸಬಹುದು ಎಂದು ತಿಳಿಸುವುದು ಅದರ ಕೆಲಸ. ಒಪ್ಪಿಗೆ ಕೊಟ್ಟರೆ ಹಣ ಸಲ್ಲಿಸುವ ಏರ್ಪಾಟೂ ಕೆಲವೆಡೆ ಆಗಿದೆ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಓಪನ್‌ಎಐ ಸಂಸ್ಥೆಯು ಸ್ಟ್ರೈಪ್ ಎಂಬ ಹಣಪಾವತಿ ಸಂಸ್ಥೆಯೊಡನೆ ಕೂಡಿ, ಚಾಟ್‌ಜಿಪಿಟಿಯ ಸಂಭಾಷಣೆಯ ನಡುವೆಯೇ ಸರಕು ಕೊಳ್ಳುವ ವ್ಯವಸ್ಥೆಯನ್ನು ಪ್ರಕಟಿಸಿತು. ಮರು ತಿಂಗಳೇ ನಮ್ಮ ದೇಶದಲ್ಲಿ ಅದೇ ಸಂಸ್ಥೆಯು ರೇಜರ್‌ಪೇ ಹಾಗೂ ಯುಪಿಐ ನಡೆಸುವ ಎನ್‌ಪಿಸಿಐ ಜೊತೆ ಸೇರಿ ಇಂಥದೇ ಪ್ರಯೋಗವನ್ನು ಘೋಷಿಸಿತು. ದಿನಸಿ ಮಾರುವ ಬಿಗ್‌ಬ್ಯಾಸ್ಕೆಟ್ ಅದರಲ್ಲಿ ಸೇರಿತ್ತು. ಇದೆಲ್ಲ ಮಹಾನಗರದ ಮಾತು, ರಾಯದುರ್ಗ ಮಡಕಶಿರಗಳಲ್ಲಿ ಕುಳಿತವರಿಗೇಕೆ ಎಂದು ವಾಚಕರು ಕೇಳಬಹುದು. ನಮ್ಮ ಹೊಲದ ಬೆಳೆಯನ್ನು ಕೊಳ್ಳುವವರು ಮಹಾನಗರದಲ್ಲಿಯೇ ಇದ್ದಾರೆ, ನಮ್ಮ ಮಕ್ಕಳೂ ಅಲ್ಲಿಯೇ ಇದ್ದಾರೆ ಎಂಬುದು ಒಂದು ಉತ್ತರ. ಇನ್ನೊಂದು ಉತ್ತರವು ನಾವಾಡುವ ಮಾತಿಗೆ ಸಂಬಂಧಿಸಿದ್ದು. ಈ ಲೇಖನ ಅದನ್ನು ಕುರಿತದ್ದು.

ಮೊದಲು ಈ ಆಳಿನ ಒಂದು ಕುಂದನ್ನು ತಿಳಿಯಬೇಕು. ಅದು ಮಾತಿನಲ್ಲಿ ನಿಪುಣವಾದರೂ ಅಂಗಡಿಯ ಕಪಾಟಿನಲ್ಲಿ ಈ ಹೊತ್ತು ಏನಿದೆ, ಎಷ್ಟಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಸುಮ್ಮನೆ ಕೇಳಿದರೆ ಇಲ್ಲದ ಸರಕನ್ನು ಇದೆಯೆಂದು, ಹಳೆಯ ಬೆಲೆಯನ್ನು ಇಂದಿನ ಬೆಲೆಯೆಂದು ಅಳುಕಿಲ್ಲದೆ ಹೇಳಿಬಿಡುವ ಸ್ವಭಾವ ಅದಕ್ಕುಂಟು. ಆದ್ದರಿಂದ ಅದರ ಕೈಗೆ ಒಂದು ಸಾಧನವನ್ನು ಕೊಡುತ್ತಾರೆ. ಅದುವೇ ಸರಕಿನ ಪಟ್ಟಿಯನ್ನು ಹುಡುಕುವ ಶೋಧಕ. ಮಡಕಶಿರದವರು ಪಟ್ಟಿ ಎಂದರೆ ರಾಯದುರ್ಗದವರು ಯಾದಿ ಎಂದಾರು. ವ್ಯಾಪಾರಿಗಳು ಕೆಟಲಾಗ್ ಎನ್ನುತ್ತಾರೆ. ಹಿಂದೆ ಮಾಸಪತ್ರಿಕೆಗಳ ಕೊನೆಯ ಪುಟಗಳಲ್ಲಿ ಕೈಗಡಿಯಾರ, ಹೊಲಿಗೆಯಂತ್ರ, ತರಕಾರಿ ಬೀಜಗಳ ಯಾದಿಗಳು ಅಚ್ಚಾಗುತ್ತಿದ್ದುದನ್ನೂ ವಿ.ಪಿ.ಪಿ. ಮೂಲಕ ಅವನ್ನು ತರಿಸುತ್ತಿದ್ದುದನ್ನೂ ಹಿರಿಯರು ಬಲ್ಲರು. ಈಗಿನ ಯಾದಿಯನ್ನು ಓದುವುದು ಮನುಷ್ಯರಲ್ಲ, ಇನ್ನೊಂದು ಯಂತ್ರ. ಹೊಸತೆಂದರೆ ಇದೇ.

ಕೆಲಸ ನಡೆಯುವ ಬಗೆ ಹೀಗೆ. ಏಜೆಂಟು ಒಂದು ಅರ್ಜಿಯನ್ನು ತುಂಬುತ್ತದೆ: ಬೇಕಾದ ವಸ್ತು ಇದು, ತೂಕ ಇಷ್ಟು, ಬೆಲೆ ಇಷ್ಟರೊಳಗೆ, ತಲುಪಬೇಕಾದ ಪಿನ್‌ಕೋಡ್ ಇದು. ಶೋಧಕವು ಲಕ್ಷಗಟ್ಟಲೆ ಬಾಬುಗಳನ್ನು ಕ್ಷಣಾರ್ಧದಲ್ಲಿ ಜಾಲಾಡಿ, ಹೊಂದಿಕೆಯಾಗಬಹುದಾದ ಐದನ್ನೋ ಹತ್ತನ್ನೋ ಆರಿಸಿ, ಹೆಸರು, ಬೆಲೆ, ದಾಸ್ತಾನು, ವಿವರಣೆಗಳೊಡನೆ ಹಿಂದಿರುಗಿಸುತ್ತದೆ. ಏಜೆಂಟು ಅಷ್ಟನ್ನೇ ಓದಿ ನಿರ್ಧರಿಸುತ್ತದೆ. ಮನುಷ್ಯನಾದರೆ ಚಿತ್ರ ನೋಡುತ್ತಾನೆ, ಪುಟದ ಮೇಲೆ ಪುಟ ಸರಿಸುತ್ತಾನೆ, ಹನ್ನೊಂದನೆಯ ಬಾಬಿನಲ್ಲಿ ತನಗೆ ಬೇಕಾದುದು ಕಂಡರೆ ಹಿಗ್ಗುತ್ತಾನೆ. ಬಹುಮಟ್ಟಿಗೆ ಅಕ್ಷರವನ್ನೇ ನಂಬುವ ಏಜೆಂಟಿಗೆ ಹನ್ನೊಂದನೆಯದು ಇಲ್ಲವೆಂದೇ ಲೆಕ್ಕ.

ಕೇಂದ್ರ ಸರ್ಕಾರದ ಪ್ರೇರಣೆಯಿಂದ 2021ರ ಕೊನೆಯಲ್ಲಿ ಸ್ಥಾಪಿತವಾದ ಓಎನ್‌ಡಿಸಿ ಎಂಬ ಜಾಲದಲ್ಲಿಯೂ ಮೂಲತತ್ತ್ವ ಇದೇ. 2022ರ ಏಪ್ರಿಲಿನಲ್ಲಿ ಬೆಂಗಳೂರು ಸೇರಿದಂತೆ ಐದು ನಗರಗಳಲ್ಲಿ ಅದರ ಪ್ರಯೋಗ ಆರಂಭವಾಯಿತು. ಅಲ್ಲಿ ಒಂದು ದೊಡ್ಡ ಅಂಗಡಿ ಎಂಬುದಿಲ್ಲ. ಕೊಳ್ಳುವವರ ಕೋರಿಕೆಯನ್ನು ಡಂಗುರದಂತೆ ಹಲವು ಮಾರಾಟಗಾರರ ಕಡೆಗೆ ಸಾರಲಾಗುತ್ತದೆ. ಯಾರ ಯಾದಿಯಲ್ಲಿ ಆ ವಸ್ತುವಿದೆಯೋ ಅವರು ಓಗೊಡುತ್ತಾರೆ. ಸಣ್ಣ ವ್ಯಾಪಾರಿಗೂ ಬಾಗಿಲು ತೆರೆದಿದೆ ಎಂಬುದು ಇದರ ಹೆಗ್ಗಳಿಕೆ. ಆದರೆ ಡಂಗುರ ಸಾರಿದ ಹೆಸರೂ ಯಾದಿಯಲ್ಲಿ ಬರೆದ ಹೆಸರೂ ತಾಳೆಯಾಗದಿದ್ದರೆ ತೆರೆದ ಬಾಗಿಲಿನಿಂದ ಪ್ರಯೋಜನವೇನು?

ತಾಳೆಯ ಈ ಪ್ರಶ್ನೆ ನಮ್ಮ ಸೀಮೆಯಲ್ಲಿ ಇತರೆಡೆಗಿಂತ ತೊಡಕಿನದು. ರಾಯದುರ್ಗವು ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿದ್ದು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರುಗಳಂತೆ ಆ ಕಡೆಗೆ ಸೇರಿ ಅನಂತಪುರ ಜಿಲ್ಲೆಯ ಭಾಗವಾಯಿತು. ಗಡಿರೇಖೆ ಬದಲಾದರೂ ಮಾತು ಬಳ್ಳಾರಿಯದೇ ಉಳಿಯಿತು. ಮಡಕಶಿರದ ಕಥೆಯೇ ಬೇರೆ. ಬಹುಪಾಲು ಕರ್ನಾಟಕವೇ ಸುತ್ತುವರಿದಿರುವ ಆ ನೆಲದಲ್ಲಿ, ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆಗಳಲ್ಲಿ, ಕೇಳಿಬರುವುದು ಶಿರಾ ಮಧುಗಿರಿಗಳ ಕನ್ನಡ. 2022ರ ಏಪ್ರಿಲ್ 4ರಿಂದ ಮಡಕಶಿರವು ಹೊಸತಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಗಿದೆ, ರಾಯದುರ್ಗ ಅನಂತಪುರದಲ್ಲಿಯೇ ಇದೆ. ಹೀಗೆ ಎರಡು ಬಗೆಯ ಕನ್ನಡ, ನಡುವೆ ರಾಯಲಸೀಮೆಯ ತೆಲುಗು, ಮೇಲೆ ಇಂಗ್ಲಿಷಿನ ಯಾದಿ.

ಕಡಲೆಕಾಯಿಯನ್ನೇ ನೋಡೋಣ. ಅನಂತಪುರ ಸೀಮೆಗೆ ಅನ್ನ ಕೊಟ್ಟ ಬೆಳೆ. ಮಡಕಶಿರದ ಕಡೆ ಕಡ್ಲೆಕಾಯಿ, ರಾಯದುರ್ಗದ ಕಡೆ ಶೇಂಗಾ, ತೆಲುಗಿನ ಪುಸ್ತಕದಲ್ಲಿ ವೇರುಶನಗ, ಅದೇ ತೆಲುಗಿನ ಆಡುಮಾತಿನಲ್ಲಿ ಶೆನಕ್ಕಾಯಿ. ಪುರಿ ಎಂದು ತುಮಕೂರಿನ ಕಡೆಯವರು ಕೇಳುವುದನ್ನು ಬಳ್ಳಾರಿಯ ಕಡೆ ಮಂಡಕ್ಕಿ ಎಂದೂ ಮಂಡಾಳು ಎಂದೂ ಕರೆಯುತ್ತಾರೆ, ತೆಲುಗರು ಬೊರುಗುಲು ಎನ್ನುತ್ತಾರೆ. ಈ ಬೊರುಗಿನಿಂದ ಮಾಡಿದ ಒಗ್ಗರಣೆಯೇ ಅನಂತಪುರದ ಹೋಟೆಲಿನಲ್ಲಿ ಉಗ್ಗಾನಿಯಾಗಿ ಬಜ್ಜಿಯ ಜೊತೆ ತಟ್ಟೆಗೆ ಬರುತ್ತದೆ. ಯಂತ್ರಕ್ಕೆ ಪುರಿ ಎಂದು ಬರೆದು ಕೊಟ್ಟರೆ ಅದು ಎಣ್ಣೆಯಲ್ಲಿ ಕರಿದ ಪೂರಿಯ ಹಿಟ್ಟನ್ನು ಮುಂದಿಡಬಹುದು, ಜಗನ್ನಾಥನ ಪುರಿಯ ಪಟವನ್ನೂ ತಂದೀತು. ಇನ್ನು ಬಳ್ಳಾರಿಯ ಸಂಜೆಯ ಮಿರ್ಚಿಯನ್ನು ಕೇಳಿದವರಿಗೆ ಒಣಮೆಣಸಿನಕಾಯಿಯ ಪೊಟ್ಟಣ ಬಂದರೆ ಆಶ್ಚರ್ಯವಿಲ್ಲ.

ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುವ ಅಭ್ಯಾಸವಂತೂ ತೊಡಕನ್ನು ಇಮ್ಮಡಿಸಿದೆ. ಬಿ, ಇ, ಎಲ್, ಇ ಎಂಬ ನಾಲ್ಕಕ್ಷರಗಳನ್ನು ಬರೆದರೆ ಅದು ಬೇಳೆಯೂ ಆಗಬಹುದು, ಬೆಲೆಯೂ ಆಗಬಹುದು, ಬೆಳೆಯೂ ಆಗಬಹುದು. ಹೆಸರುಬೇಳೆ ಎಂಬುದನ್ನು ಹಾಗೆ ಬರೆದರೆ ಅನುವಾದದ ಯಂತ್ರವು ಹೆಸರು ಎಂದರೆ ನಾಮ, ಉಳಿದದ್ದು ಬೆಲೆ ಎಂದು ತಿಳಿದು ‘ನಾಮದ ಬೆಲೆ’ ಎಂಬರ್ಥದ ಇಂಗ್ಲಿಷನ್ನು ಹೊಸೆದರೆ ಅದನ್ನು ಪೂರ್ತಿ ದೂರುವಂತಿಲ್ಲ. ಬಾಯಿಂದ ಹೇಳಿದರೆ, ಕನ್ನಡ ಲಿಪಿಯಲ್ಲಿ ಬರೆದರೆ ಎಳ್ಳಷ್ಟೂ ಗೊಂದಲವಿಲ್ಲದ ಮಾತು ಅದು.

ಆದರೆ ನಮಗೆ ಎಲ್ಲಕ್ಕಿಂತ ಮಿಗಿಲಾಗಿ ಚಿಂತೆಗೀಡುಮಾಡುವ ಉದಾಹರಣೆ ಕೊರಲೆಯದು.

ಕೊರಲೆ ನಮ್ಮ ಗಡಿಸೀಮೆಯ ಧಾನ್ಯ. ತುಮಕೂರು, ಚಿತ್ರದುರ್ಗ, ಚಿಕ್ಕಬಳ್ಳಾಪುರ ಜಿಲ್ಲೆಗಳ ಮಳೆಯಾಶ್ರಿತ ನೆಲದಲ್ಲಿಯೂ ಅದಕ್ಕೆ ಅಂಟಿಕೊಂಡ ಹಿಂದಿನ ಅನಂತಪುರ ಜಿಲ್ಲೆಯ ಭಾಗದಲ್ಲಿಯೂ ಅದು ಉಳಿದುಬಂದಿದೆ. ದೇಶದ ಬೇರೆ ಕಡೆಗಳಲ್ಲಿ ಅದರ ಹೆಸರು ಬಲ್ಲವರೇ ವಿರಳ. ತೆಳುವಾದ ಮಣ್ಣಿಗೂ ಕಡಿಮೆ ಮಳೆಗೂ ಒಗ್ಗಿದ ಬೆಳೆ. ಇತರ ಧಾನ್ಯಗಳು ಸೊರಗುವ ಹುಣಿಸೆ ಮರದ ನೆರಳಿನಲ್ಲಿಯೂ ಬರುತ್ತದೆ ಎಂಬುದು ಅದರ ವಿಶೇಷ. ಕಾಳು ಸಣ್ಣದು, ಸಿಪ್ಪೆ ಗಟ್ಟಿ. ಅದನ್ನು ಕುಟ್ಟಿ ಅಕ್ಕಿ ಮಾಡುವುದು ಹೆಂಗಸರ ರಟ್ಟೆಯನ್ನು ಪರೀಕ್ಷಿಸುವ ಕೆಲಸವಾಗಿತ್ತು. ಬಡವರ ಕೂಳೆಂದು ಮೂಲೆ ಸೇರಿದ್ದ ಈ ಧಾನ್ಯಕ್ಕೆ ಈಚೆಗೆ ಮರ್ಯಾದೆ ಬಂದಿದೆ. ಮೈಸೂರಿನ ಡಾ. ಖಾದರ್ ವಲಿಯವರು ಸಿರಿಧಾನ್ಯಗಳೆಂದು ಪ್ರಚಾರ ಮಾಡಿದ ಐದರಲ್ಲಿ ನವಣೆ, ಸಾಮೆ, ಆರ್ಕ, ಊದಲುಗಳೊಡನೆ ಕೊರಲೆಯೂ ಒಂದು. ಅವರಿಗೆ ಪದ್ಮಶ್ರೀ ಸಂದ 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಕಿರುಧಾನ್ಯಗಳ ವರ್ಷವೆಂದು ಆಚರಿಸಿದ್ದೂ ಕಾಕತಾಳೀಯವಾಗಿ ಕೂಡಿಬಂತು. ಬೆಂಗಳೂರಿನ ಅಂಗಡಿಗಳಲ್ಲಿ ಕೊರಲೆ ಅಕ್ಕಿ ಈಗ ಕಾಗದದ ಪೊಟ್ಟಣದಲ್ಲಿ ಕುಳಿತಿದೆ.

ತೊಡಕು ಇರುವುದು ಇಲ್ಲಿ. ತೆಲುಗಿನಲ್ಲಿ ಕೊರ್ರ ಎಂಬ ಧಾನ್ಯವಿದೆ. ಕೇಳುವ ಕಿವಿಗೆ ಕೊರಲೆ, ಕೊರ್ರಲು ಒಂದೇ ಬಳ್ಳಿಯ ಕಾಯಿಗಳು. ಆದರೆ ತೆಲುಗರ ಕೊರ್ರ ನಮ್ಮ ನವಣೆ. ಇಂಗ್ಲಿಷಿನಲ್ಲಿ ಫಾಕ್ಸ್‌ಟೇಲ್ ಮಿಲೆಟ್. ನಮ್ಮ ಕೊರಲೆಯು ತೆಲುಗಿನಲ್ಲಿ ಅಂಡು ಕೊರ್ರಲು, ಇಂಗ್ಲಿಷಿನಲ್ಲಿ ಬ್ರೌನ್‌ಟಾಪ್ ಮಿಲೆಟ್. ಎರಡೂ ಬೇರೆ ಬೇರೆ ಗಿಡ, ಬೇರೆ ಕಾಳು, ಬೇರೆ ರುಚಿ. ಗಡಿಯಲ್ಲಿ ಬೆಳೆದವರು ಈ ಎರಡು ಮಾತನ್ನೂ ಬಲ್ಲವರಾದ್ದರಿಂದ ಎಂದೂ ಎಡವುವುದಿಲ್ಲ. ಯಂತ್ರಕ್ಕೆ ಈ ಬಾಳ್ವೆ ಇಲ್ಲ. ಇಂಥದೇ ಬಲೆ ಬರಗಿನಲ್ಲಿಯೂ ಇದೆ: ಕನ್ನಡದ ಬರಗೂ ತೆಲುಗಿನ ವರಿಗೆಯೂ ಒಂದೇ ಕಾಳು, ಆದರೆ ತಮಿಳಿನ ವರಗು ನಮ್ಮ ಆರ್ಕ. ಅದೃಷ್ಟಕ್ಕೆ ಊದಲು ಎರಡು ಕಡೆಯೂ ಊದಲೇ.

ಯಂತ್ರವು ಏಕೆ ಎಡವುತ್ತದೆ ಎಂಬುದನ್ನು ತಿಳಿಯಲು ಹುಡುಕುವ ವಿದ್ಯೆಯ ಒಳಗನ್ನು ತುಸು ನೋಡಬೇಕು. ಅದರಲ್ಲಿ ಎರಡು ಮಾರ್ಗಗಳಿವೆ. ಹಳೆಯದು ಅಕ್ಷರಕ್ಕೆ ಅಕ್ಷರ ಕೂಡಿಸುವ ಮಾರ್ಗ. ಕೇಂಬ್ರಿಡ್ಜಿನ ವಿದುಷಿ ಕ್ಯಾರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಬರೆದ ಒಂದು ಪ್ರಬಂಧ ಇದಕ್ಕೆ ಅಡಿಪಾಯದ ಕಲ್ಲಾಯಿತು. ಎಲ್ಲ ಕಡೆಯೂ ಬರುವ ಪದಕ್ಕೆ ಕಡಿಮೆ ತೂಕ, ವಿರಳವಾಗಿ ಬರುವ ಪದಕ್ಕೆ ಹೆಚ್ಚು ತೂಕ ಎಂಬುದು ಅವರ ಸೂತ್ರ. ‘ಉತ್ತಮ’, ‘ಶುದ್ಧ’, ‘ಸಾವಯವ’ ಎಂಬ ಮಾತುಗಳು ಸಾವಿರಾರು ಬಾಬುಗಳಲ್ಲಿ ಇರುವುದರಿಂದ ಅವುಗಳಿಂದ ಹುಡುಕುವವನಿಗೆ ಲಾಭವಿಲ್ಲ. ‘ಕೊರಲೆ’ ಎಂಬ ಮಾತು ಹತ್ತಿಪ್ಪತ್ತರಲ್ಲಿ ಮಾತ್ರ ಇದ್ದರೆ ಅದೇ ಚಿನ್ನದ ತೂಕ. ಈ ಮಾರ್ಗದಲ್ಲಿ ವಿರಳವಾದ ನಮ್ಮ ಪದಕ್ಕೆ ಬಲವಿದೆ. ಆದರೆ ಯಾದಿಯಲ್ಲಿ ಆ ಪದವನ್ನು ಯಾರಾದರೂ ಬರೆದಿರಬೇಕು. ಬರೆಯದಿದ್ದರೆ ಸೂತ್ರವು ನಿಷ್ಫಲ.

ಹೊಸ ಮಾರ್ಗವು ಅರ್ಥದ ನಂಟನ್ನು ಹಿಡಿಯುವುದು. ಕೋಟಿಗಟ್ಟಲೆ ವಾಕ್ಯಗಳನ್ನು ಓದಿಸಿ, ಒಂದೇ ಬಗೆಯ ಸಂದರ್ಭದಲ್ಲಿ ಬರುವ ಮಾತುಗಳನ್ನು ಹತ್ತಿರ ಹತ್ತಿರ ಇರುವಂತೆ ಅಂಕಿಗಳ ಭೂಪಟವೊಂದನ್ನು ಯಂತ್ರವು ಕಟ್ಟಿಕೊಳ್ಳುತ್ತದೆ. ಈ ಭೂಪಟದಲ್ಲಿ ಶೇಂಗಾವೂ ಕಡಲೆಕಾಯಿಯೂ ಪಕ್ಕದ ಮನೆಗಳು, ಏಕೆಂದರೆ ಅವೆರಡನ್ನೂ ಕುರಿತು ಬರೆದದ್ದು ಧಾರಾಳವಾಗಿದೆ. ಕೊರಲೆಯನ್ನು ಕುರಿತು ಬರೆದದ್ದು ಎಷ್ಟಿದೆ? ಕಡಿಮೆ ಓದಿದ ಮಾತನ್ನು ಯಂತ್ರವು ತುಂಡು ಮಾಡಿ, ತುಂಡುಗಳ ಹೋಲಿಕೆಯಿಂದ ಅದಕ್ಕೊಂದು ಜಾಗ ಗೊತ್ತು ಮಾಡುತ್ತದೆ. ಆಗ ಅದು ಹೆಚ್ಚು ಪ್ರಸಿದ್ಧವಾದ ಕೊರ್ರದ ಅಂಗಳದಲ್ಲಿ ಹೋಗಿ ಕುಳಿತುಕೊಳ್ಳುವ ಸಂಭವ ಬಹಳ. ಉತ್ತಮ ಶೋಧಕಗಳು ಎರಡು ಮಾರ್ಗಗಳನ್ನೂ ಬೆರೆಸಿ ಬಳಸುತ್ತವೆ. ನಮ್ಮಂಥವರಿಗೆ ಹಿತವಾದುದು ಆ ಬೆರಕೆಯೇ.

ಲಿಪಿಯ ವಿಷಯದಲ್ಲಿ ನಮಗೆ ಒಂದು ಅನುಕೂಲವಿದೆ, ಹೇಳಲೇಬೇಕು. ಗಣಕಯಂತ್ರಗಳು ಲೋಕದ ಲಿಪಿಗಳಿಗೆಲ್ಲ ಕ್ರಮಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ತೆಲುಗು, ಕನ್ನಡಗಳು ಅಕ್ಕಪಕ್ಕದ ಮನೆಗಳಲ್ಲಿ ಒಂದೇ ವಿನ್ಯಾಸದಲ್ಲಿ ಕುಳಿತಿವೆ. ತೆಲುಗಿನ ‘ಕ’ ಅಕ್ಷರದ ಸಂಖ್ಯೆಗೆ 128 ಕೂಡಿಸಿದರೆ ಕನ್ನಡದ ‘ಕ’ ದೊರೆಯುತ್ತದೆ. ಉಳಿದ ಬಹುತೇಕ ಅಕ್ಷರಗಳಿಗೂ ಇದೇ ಲೆಕ್ಕ. ಗಡಿಯ ಶಾಲೆಯ ಮಕ್ಕಳು ಎರಡು ಲಿಪಿಗಳನ್ನೂ ಒಂದೇ ವರ್ಷದಲ್ಲಿ ಕಲಿತುಬಿಡುವುದರ ಗುಟ್ಟನ್ನು ಯಂತ್ರವು ಒಂದು ಸಂಕಲನದಲ್ಲಿ ಮುಗಿಸುತ್ತದೆ. ಆದರೆ ಲಿಪಿ ಬದಲಾದ ಮಾತ್ರಕ್ಕೆ ಧಾನ್ಯ ಬದಲಾಗದಷ್ಟೆ. ತೆಲುಗಿನ ಕೊರ್ರಕ್ಕೆ 128 ಕೂಡಿಸಿದರೆ ಕನ್ನಡ ಲಿಪಿಯ ಕೊರ್ರ ಸಿಕ್ಕೀತು, ನವಣೆ ಸಿಕ್ಕದು.

ಪಿನ್‌ಕೋಡಿನದು ಮತ್ತೊಂದು ಕಥೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರಂಕಿಯ ಸಂಖ್ಯೆ ಅಂಚೆಯವರ ಅನುಕೂಲಕ್ಕಾಗಿ ಹುಟ್ಟಿದ್ದು. ರಾಯದುರ್ಗಕ್ಕೆ 515865, ಮಡಕಶಿರಕ್ಕೆ 515301. ವ್ಯಾಪಾರದ ಯಂತ್ರವು ಸಂಖ್ಯೆಯಿಂದ ರಾಜ್ಯವನ್ನೂ ರಾಜ್ಯದಿಂದ ಭಾಷೆಯನ್ನೂ ಊಹಿಸಲು ತೊಡಗಿದರೆ, 515 ಕಂಡೊಡನೆ ತೆಲುಗರ ಮನೆಯೆಂದು ತೀರ್ಮಾನಿಸಿ, ನಾವು ಕನ್ನಡದಲ್ಲಿ ಕೇಳಿದ ಮಾತನ್ನೂ ತೆಲುಗಿನ ಕಿವಿಯಿಂದಲೇ ಕೇಳೀತು. ಆಗ ಕೊರಲೆ ಕೊರ್ರವಾಗುವುದಕ್ಕೆ ಇನ್ನೇನು ಬೇಕು? ಅಂಚೆಯಣ್ಣನಿಗೆ ಆ ಸಂಖ್ಯೆ ಸಾಕು. ಮನೆಯೊಳಗಿನ ಮಾತನ್ನು ಅದರಿಂದ ಅಳೆಯಲಾಗದು. 2020ರಲ್ಲಿ ಫ್ಲಿಪ್‌ಕಾರ್ಟ್ ಮತ್ತು ಅಮೆಜಾನ್ ಎರಡೂ ಕೆಲವೇ ತಿಂಗಳ ಅಂತರದಲ್ಲಿ ಕನ್ನಡದಲ್ಲಿ ಪುಟ ತೆರೆದವು ಎಂಬುದು ಸಂತೋಷದ ಸಂಗತಿ. ಗಡಿಯಾಚೆಯವರು ಭಾಷೆಯನ್ನು ತಾವೇ ಆರಿಸಿ ನಿಲ್ಲಿಸಿಕೊಳ್ಳಬೇಕು, ಏಜೆಂಟಿಗೂ ‘ನಾವು ಕನ್ನಡದವರು’ ಎಂದು ಮೊದಲೇ ಹೇಳಿಡಬೇಕು.

ಇದರಿಂದ ಆಗುವ ನಷ್ಟ ಏನು, ನವಣೆಯೂ ಒಳ್ಳೆಯ ಧಾನ್ಯವೇ ಅಲ್ಲವೆ ಎಂದು ಕೆಲವರು ಅನ್ನಬಹುದು. ಅಡಿಗೆಯ ಮಟ್ಟಿಗೆ ಆ ಮಾತನ್ನು ಒಪ್ಪೋಣ. ಒಂದು ದಿನದ ಅನ್ನ ಬೇರೆಯಾದೀತು. ಬೀಜದ ಮಾತು ಹಾಗಲ್ಲ. ರೈತನೊಬ್ಬನ ಮಗ ಬಿತ್ತನೆಗೆ ಕೊರಲೆ ಬೀಜವನ್ನು ತರಿಸಿಕೊಡೆಂದು ಏಜೆಂಟಿಗೆ ಹೇಳಿ, ಬಂದ ಚೀಲ ನವಣೆಯದಾದರೆ, ಮೊಳಕೆ ಎದ್ದು ಗರಿ ಬಿಚ್ಚುವ ತನಕ ತಿಳಿಯಲಿಕ್ಕಿಲ್ಲ. ಆ ವೇಳೆಗೆ ಮುಂಗಾರಿನ ಹದ ಕಳೆದಿರುತ್ತದೆ. ಹುಣಿಸೆ ತೋಪಿನ ನೆರಳಿನಲ್ಲಿ ಬಿತ್ತಿದ್ದರಂತೂ ಆ ವರ್ಷದ ಬೆಳೆಯೇ ಹೋದ ಹಾಗೆ.

ಮಾರುವವರ ಕಡೆಯಿಂದ ನೋಡಿದರೆ ನಷ್ಟ ಇನ್ನೂ ಮೌನವಾದುದು. ರೊಳ್ಳದ ಕಡೆಯ ಹತ್ತು ಮಂದಿ ಹೆಂಗಸರ ಸ್ವಸಹಾಯ ಸಂಘವೊಂದು ಕೊರಲೆಯನ್ನು ಅಕ್ಕಿ ಮಾಡಿ ಜಾಲದಲ್ಲಿ ಮಾರಾಟಕ್ಕಿಟ್ಟಿದೆ ಎಂದು ಊಹಿಸಿಕೊಳ್ಳೋಣ. ಯಾದಿ ತುಂಬಿದ ಪೇಟೆಯ ಹುಡುಗ ಇಂಗ್ಲಿಷಿನಲ್ಲಿ ‘ಆರೋಗ್ಯಕರ ಮಿಲೆಟ್ ರೈಸ್, ಒಂದು ಕೆ.ಜಿ.’ ಎಂದಷ್ಟೇ ಬರೆದಿದ್ದಾನೆ. ಬೆಂಗಳೂರಿನಲ್ಲಿರುವ ಮಗಳಿಗೆ ತಾಯಿ, “ಕೊರಲೆ ಅಕ್ಕಿ ಎರಡು ಕೆ.ಜಿ. ತರಿಸಿಕೊಳ್ಳಮ್ಮ, ನಿಮ್ಮ ಮಾವನವರ ಸಕ್ಕರೆಗೆ ಒಳ್ಳೆಯದು” ಎಂದು ಹೇಳಿರುತ್ತಾಳೆ. ಮಗಳು ಅದೇ ಮಾತನ್ನು ಏಜೆಂಟಿಗೆ ಒಪ್ಪಿಸುತ್ತಾಳೆ. ಶೋಧಕಕ್ಕೆ ‘ಕೊರಲೆ’ ಎಂಬುದು ಆ ಬಾಬಿನಲ್ಲಿ ಕಾಣದು. ಮೇಲಾಗಿ ‘ಅಕ್ಕಿ’ ಎಂದ ತಕ್ಷಣ ಅದರ ಗಮನ ಸೋನಾಮಸೂರಿಯ ಕಡೆಗೆ ಹರಿಯುತ್ತದೆ, ಸಿಪ್ಪೆ ತೆಗೆದ ಯಾವ ಕಿರುಧಾನ್ಯವನ್ನೂ ನಾವು ಅಕ್ಕಿ ಎನ್ನುತ್ತೇವೆಂಬುದನ್ನು ಅದು ಬಲ್ಲದೋ ಇಲ್ಲವೋ. ಆ ಸಂಘದವರಿಗೆ ತಮ್ಮ ಸರಕನ್ನು ಯಾರೋ ಕೇಳಿದರು, ಕೇಳಿದವರಿಗೆ ಸಿಗಲಿಲ್ಲ ಎಂಬುದು ಎಂದಿಗೂ ತಿಳಿಯುವುದಿಲ್ಲ. ಅಂಗಡಿಯ ಮುಂದೆ ನಿಂತು ಹಿಂದಿರುಗಿದ ಗಿರಾಕಿಯ ಬೆನ್ನಾದರೂ ಕಾಣುತ್ತಿತ್ತು.

ಸರ್ಕಾರದ ಕಾಯಿದೆ ಇಲ್ಲಿ ನೆರವಿಗೆ ಬರುವುದಿಲ್ಲ. 2011ರ ಪೊಟ್ಟಣ ಸರಕುಗಳ ತೂಕ–ಅಳತೆ ನಿಯಮಗಳು ವಸ್ತುವಿನ ಸಾಮಾನ್ಯ ಹೆಸರು, ನಿವ್ವಳ ತೂಕ, ಗರಿಷ್ಠ ಬೆಲೆ, ತಯಾರಕರ ವಿಳಾಸ ಮೊದಲಾದವನ್ನು ಕಡ್ಡಾಯ ಮಾಡಿವೆ. ಆದರೆ ಅವನ್ನು ಹಿಂದಿಯಲ್ಲಿ ಇಲ್ಲವೆ ಇಂಗ್ಲಿಷಿನಲ್ಲಿ ಬರೆದರೆ ಸಾಕು. ಇತರ ಭಾಷೆಯಲ್ಲಿಯೂ ಬರೆಯಬಹುದು ಎಂಬುದು ಅನುಮತಿ ಮಾತ್ರ. ಇನ್ನು ತೆರಿಗೆಯ ಸಂಖ್ಯೆಗಳ ಯಾದಿಯಲ್ಲಿ ನವಣೆಯೂ ಕೊರಲೆಯೂ 1008 ಎಂಬ ಒಂದೇ ಶೀರ್ಷಿಕೆಯ ಕೆಳಗೆ ಬರುತ್ತವೆ. ತೆರಿಗೆಯವರಿಗೆ ಭೇದ ಬೇಕಿಲ್ಲ, ತಿನ್ನುವವರಿಗೆ ಬೇಕು.

ಆದ್ದರಿಂದ ಮಾರುವವರು ತಾವೇ ಬರೆದುಕೊಳ್ಳಬೇಕಾಗಿದೆ. ಹೇಗೆ ಬರೆದರೆ ಚೆನ್ನ ಎಂಬುದಕ್ಕೆ ಕೊರಲೆಯ ಬಾಬನ್ನೇ ಮಾದರಿಯಾಗಿ ಕೊಡುತ್ತೇವೆ. ಶೀರ್ಷಿಕೆಯಲ್ಲಿ ಕನ್ನಡ ಲಿಪಿಯಲ್ಲಿಯೇ ‘ಕೊರಲೆ ಅಕ್ಕಿ’ ಎಂದಿರಲಿ. ಅದರ ಪಕ್ಕದಲ್ಲಿ ತೆಲುಗು ಲಿಪಿಯಲ್ಲಿ ಅಂಡು ಕೊರ್ರಲು, ಇಂಗ್ಲಿಷಿನಲ್ಲಿ ಬ್ರೌನ್‌ಟಾಪ್ ಮಿಲೆಟ್. ಇಂಗ್ಲಿಷ್ ಅಕ್ಷರದಲ್ಲಿ ಕೊರಲೆಯನ್ನು ಜನ ಬರೆಯುವ ಎರಡು ಮೂರು ಕಾಗುಣಿತಗಳನ್ನೂ ಸೇರಿಸಬೇಕು. ಇದು ನೋಡಲು ಒಡ್ಡೊಡ್ಡಾಗಿ ಕಂಡರೂ ಯಂತ್ರಕ್ಕೆ ಹಿತ. ಸಸ್ಯಶಾಸ್ತ್ರದ ಹೆಸರನ್ನು, ಎಂದರೆ ಯುರೊಕ್ಲೋವಾ ರಮೋಸಾ ಎಂಬುದನ್ನು, ಬರೆದರೆ ಭಾಷೆಗಳ ಜಗಳವೇ ಮುಗಿಯುತ್ತದೆ. ನವಣೆಯದು ಸೆಟಾರಿಯಾ ಇಟಾಲಿಕಾ. ವಿವರಣೆಯಲ್ಲಿ ‘ಇದು ನವಣೆಯಲ್ಲ, ಭತ್ತದ ಅಕ್ಕಿಯೂ ಅಲ್ಲ’ ಎಂದು ಒಂದು ವಾಕ್ಯವನ್ನು ಬರೆಯಬಹುದು. ಅಲ್ಲ ಎಂಬ ಮಾತನ್ನು ಶೋಧಕವು ಅಷ್ಟಾಗಿ ಗಮನಿಸದಿದ್ದರೂ ಕೊನೆಯಲ್ಲಿ ಓದುವ ಏಜೆಂಟು ಗಮನಿಸುತ್ತದೆ. ಸಿಪ್ಪೆ ತೆಗೆದದ್ದೋ ತೆಗೆಯದ್ದೋ, ಬಿತ್ತನೆಯದೋ ಊಟದ್ದೋ, ಯಾವ ವರ್ಷದ ಸುಗ್ಗಿ, ಎಷ್ಟು ತೂಕ, ಆಹಾರ ಪರವಾನಗಿಯ 14 ಅಂಕಿಯ ಸಂಖ್ಯೆ ಯಾವುದು, ಯಾವ ಪಿನ್‌ಕೋಡಿನಿಂದ ಹೊರಡುತ್ತದೆ: ಇವೆಲ್ಲ ಬಣ್ಣಿಸುವ ಮಾತಿನೊಳಗೆ ಕಲಸಿಹೋಗದೆ ತಮ್ಮ ತಮ್ಮ ಮನೆಗಳಲ್ಲಿ ಬೇರೆ ಬೇರೆಯಾಗಿ ಇರಬೇಕು. ‘ಪ್ರಕೃತಿಯ ವರದಾನ’ ಎಂಬಂಥ ಮಾತುಗಳಿಗೆ ಯಂತ್ರವು ಮರುಳಾಗುವುದಿಲ್ಲ. ದಾಸ್ತಾನು ಮುಗಿದರೆ ಆ ದಿನವೇ ಮುಗಿಯಿತೆಂದು ಗುರುತಿಸಬೇಕು. ಇಲ್ಲದ ಸರಕನ್ನು ಇದೆಯೆಂದು ತೋರಿಸಿದ ಮಾರಾಟಗಾರನನ್ನು ಶೋಧಕಗಳು ಕೆಳಗೆ ತಳ್ಳುವುದುಂಟು.

ಒಳ್ಳೆಯ ಶೋಧಕಗಳಲ್ಲಿ ಪರ್ಯಾಯ ಪದಗಳ ಕೋಷ್ಟಕವೊಂದು ಇರುತ್ತದೆ. ಶೇಂಗಾ ಎಂದರೆ ಕಡಲೆಕಾಯಿ, ಮಂಡಕ್ಕಿ ಎಂದರೆ ಪುರಿ, ಗುರೆಳ್ಳು ಎಂದರೆ ಹುಚ್ಚೆಳ್ಳು ಎಂದು ಒಂದೊಂದು ಸಾಲು. (ಹುಚ್ಚೆಳ್ಳನ್ನು ತೆಲುಗರೂ ವೆರ್ರಿ ನುವ್ವುಲು, ಹುಚ್ಚು ಎಳ್ಳು, ಎಂದೇ ಕರೆಯುತ್ತಾರೆ, ಆ ಬಡ ಎಳ್ಳಿಗೆ ಎರಡು ರಾಜ್ಯದಲ್ಲಿಯೂ ಒಂದೇ ಅಪವಾದ.) ಈ ಸಾಲುಗಳನ್ನು ಮನುಷ್ಯರೇ ಬರೆಯಬೇಕು, ಇಲ್ಲವೆ ಮನುಷ್ಯರು ಬರೆದುದರಿಂದ ಯಂತ್ರವು ಹೆಕ್ಕಬೇಕು. ಐಐಟಿ ಮದ್ರಾಸಿನ ಎಐ4ಭಾರತ್ ತಂಡವೂ ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಭಾಷಿಣಿ ಯೋಜನೆಯೂ ಭಾರತೀಯ ಭಾಷೆಗಳ ಮಾತನ್ನೂ ಬರಹವನ್ನೂ ಕೂಡಿಹಾಕುತ್ತಿವೆ. ಆ ರಾಶಿಯಲ್ಲಿ ಗಡಿಯ ಮಾತು ಎಷ್ಟು ಸೇರುತ್ತದೆಂಬುದು, ಗಡಿಯವರು ಎಷ್ಟು ಬರೆಯುತ್ತಾರೆ ಎಂಬುದನ್ನು ಅವಲಂಬಿಸಿದೆ. ಎರಡು ಭಾಷೆ ಬಲ್ಲ ನಮ್ಮ ಹೈಸ್ಕೂಲು ಮಕ್ಕಳು ಒಂದು ರಜೆಯಲ್ಲಿ ಅಡಿಗೆಮನೆಯ, ಹೊಲದ, ಸಂತೆಯ ನೂರಿನ್ನೂರು ಪದಗಳನ್ನು ಕನ್ನಡ, ತೆಲುಗು, ಇಂಗ್ಲಿಷ್ ಎಂದು ಮೂರು ಕಂಬದಲ್ಲಿ ಬರೆದಿಟ್ಟರೆ, ಮಹಾನಗರದ ಪದವೀಧರರಿಗೂ ಸುಲಭವಾಗಿ ಒದಗದ ವಸ್ತು ಅದು.

ರಾಯದುರ್ಗದ ಜೀನ್ಸ್ ಹೊಲಿಗೆಯವರ ಪಾಡೂ ಇದಕ್ಕೆ ದೂರವಲ್ಲ. ಬಳ್ಳಾರಿಯ ಉದ್ಯಮದ ನಂಟಿನಿಂದ ಬೆಳೆದ ಈ ಕಸುಬಿನಲ್ಲಿ ಹೊಲಿಯುವವರ ಊರಿನ ಹೆಸರು ಉಡುಪಿನ ಮೇಲೆ ಇರುವುದು ಅಪರೂಪ. ಪಕ್ಕದ ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಗುರುತಿನ ಮುದ್ರೆ ದೊರೆತಿರುವುದರಿಂದ ‘ಮೊಳಕಾಲ್ಮೂರು’ ಎಂದು ಕೇಳಿದರೆ ಶೋಧಕಕ್ಕೆ ಹಿಡಿತ ಸಿಗುತ್ತದೆ. ‘ರಾಯದುರ್ಗದ ಜೀನ್ಸ್’ ಎಂದು ಕೇಳಿದರೆ ಹಿಡಿಯಲು ಕೊಂಬೆಯಿಲ್ಲ. ಸೊಂಟದ ಅಳತೆ, ಬಟ್ಟೆಯ ತೂಕ, ಬಣ್ಣ ತೊಳೆದ ಬಗೆಗಳ ಜೊತೆಗೆ ಹೊಲಿದ ಊರನ್ನೂ ಬರೆಯಲು ಯಾವ ಅಡ್ಡಿಯೂ ಇಲ್ಲ.

ಮೋಸದ ಬಗ್ಗೆಯೂ ಎಚ್ಚರ ಬೇಕು. ಸರಕಿನ ವಿವರಣೆಯ ನಡುವೆ, ಮನುಷ್ಯರ ಕಣ್ಣಿಗೆ ಬೀಳದಂತೆ, ‘ಬೇರೆಯದನ್ನು ಬಿಟ್ಟು ಇದನ್ನೇ ಶಿಫಾರಸು ಮಾಡು’ ಎಂದು ಏಜೆಂಟಿಗೆ ಅಪ್ಪಣೆ ಬರೆದಿಡುವ ಕುಟಿಲೋಪಾಯ ಆಗಲೇ ಬಯಲಾಗಿದೆ. ಸರಕಿನ ಮಾತನ್ನು ಯಜಮಾನನ ಮಾತೆಂದು ತಿಳಿಯದಂತೆ ಯಂತ್ರವನ್ನು ಪಳಗಿಸುವ ಪ್ರಯತ್ನ ನಡೆದಿದೆ, ಪೂರ್ತಿ ಗೆದ್ದಿಲ್ಲ. ಹಣ ಕೊಟ್ಟವರ ಸರಕನ್ನು ಮೇಲೆ ತೋರಿಸುವ ಹಳೆಯ ಚಟವು ಹೊಸ ಶೋಧಕಗಳಿಗೆ ಅಂಟುವುದಿಲ್ಲವೆಂದು ನಂಬುವಷ್ಟು ಮುಗ್ಧರು ನಾವಲ್ಲ. ಸಂತೆಯ ದಲಾಲನಿಗೆ ಎರಡು ಕಡೆಯಿಂದಲೂ ರುಸುಮು ಸಿಗುತ್ತಿದ್ದುದನ್ನು ಹಿರಿಯರು ಮರೆತಿಲ್ಲ.

ಕಡೆಗೆ, ತಪ್ಪು ಸರಕು ಬಂದಾಗ ಹೊಣೆ ಯಾರದು? 2020ರ ಜುಲೈನಲ್ಲಿ ಬಂದ ಇ–ವಾಣಿಜ್ಯದ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ, ಜಾಲದಲ್ಲಿ ವರ್ಣಿಸಿದಂತೆ ಸರಕು ಇರದಿದ್ದರೆ ಮಾರಾಟಗಾರನು ಅದನ್ನು ಹಿಂದಕ್ಕೆ ಪಡೆಯಲು ಒಲ್ಲೆನೆನ್ನುವಂತಿಲ್ಲ. ಆದರೆ ಯಾದಿಯಲ್ಲಿ ನವಣೆಯೆಂದೇ ಇದ್ದು, ಚೀಲದಲ್ಲಿಯೂ ನವಣೆಯೇ ಇದ್ದು, ಕೊರಲೆ ಕೇಳಿದವರಿಗೆ ಏಜೆಂಟು ಅದನ್ನು ಆರಿಸಿಕೊಟ್ಟಿದ್ದರೆ ಮಾರಾಟಗಾರನು ಸುಳ್ಳಾಡಿದಂತಾಗಲಿಲ್ಲ. ಆ ನಿಯಮಗಳು ರಚಿತವಾದಾಗ ಇಂಥ ಆಳು ಸಂತೆಗೆ ಬಂದಿರಲಿಲ್ಲ. ಆದುದರಿಂದ ಹಣ ಸಲ್ಲಿಸಲು ಒಪ್ಪಿಗೆ ಕೊಡುವ ಮುನ್ನ ಬಾಬಿನ ಪೂರ್ಣ ಹೆಸರನ್ನು, ತಯಾರಕರ ವಿಳಾಸವನ್ನು, ಬೀಜವಾದರೆ ಸಸ್ಯಶಾಸ್ತ್ರದ ಹೆಸರನ್ನೂ ತೋರಿಸೆಂದು ಏಜೆಂಟನ್ನು ಕೇಳಬೇಕು. ತಾವು ಕೇಳಿದ ಮಾತು ಮತ್ತು ಅದು ಕೊಟ್ಟ ಉತ್ತರ ಎರಡನ್ನೂ ಫೋನಿನಲ್ಲಿ ಉಳಿಸಿಕೊಳ್ಳಬೇಕು. ದೂರು ಕೊಡಬೇಕಾಗಿ ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.